ಕೈಕೆಲಸಕ್ಕೊಂದು ಗುರುತು

ಸಹೋದರಿಯರೇ, ಚಿನ್ನದ ಬಳೆಯ ಒಳಬದಿಯನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ತ್ರಿಕೋನದಂತಹ ಒಂದು ಚಿಹ್ನೆ, 916 ಎಂಬ ಅಂಕಿ, ಅಕ್ಷರ ಮತ್ತು ಅಂಕಿಗಳು ಬೆರೆತ ಆರು ಸ್ಥಾನಗಳ ಒಂದು ಸಂಕೇತ. ಇದೇ ಹಾಲ್‌ಮಾರ್ಕ್. ನಮ್ಮ ದೇಶದಲ್ಲಿ 2021ರ ಜೂನ್‌ನಿಂದ ಇದು ಹಂತ ಹಂತವಾಗಿ ಕಡ್ಡಾಯವಾಗಿದೆ. ಬೆವರಿನ ದುಡ್ಡಿಗೆ ಮೋಸವಾಗಬಾರದು ಎಂಬುದೇ ಇದರ ಉದ್ದೇಶ.

ಇಂತಹ ಮುದ್ರೆಗಳಿಗೆ ದೊಡ್ಡ ಇತಿಹಾಸವಿದೆ. 1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ, ಪ್ರಾಟೆಸ್ಟೆಂಟರಿಗಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನು ಕಿತ್ತುಕೊಂಡ. ಹ್ಯೂಗೆನೋ ಎನ್ನಲಾಗುವ ಈ ಜನ ಸಾವಿರಾರು ಸಂಖ್ಯೆಯಲ್ಲಿ ಊರು ಬಿಟ್ಟು ಇಂಗ್ಲೆಂಡ್ ಸೇರಿದರು. ಮನೆಮಠ ಹೋದರೂ ಕೈಯಲ್ಲಿನ ಕಸುಬು ಉಳಿದಿತ್ತು. ಅವರಲ್ಲಿ ಬೆಳ್ಳಿ ಕೆಲಸದವರೂ ಇದ್ದರು. ಲಂಡನ್‌ನಲ್ಲಿ ಪ್ರತಿಯೊಬ್ಬ ಕುಶಲಕರ್ಮಿಯೂ ತನ್ನ ಗುರುತನ್ನು ಅಕ್ಕಸಾಲಿಗರ ಸಂಘದಲ್ಲಿ ದಾಖಲಿಸಬೇಕಿತ್ತು. ಪಾಲ್ ಡಿ ಲಮೆರಿ ಎಂಬಾತ 1713ರಲ್ಲಿ ದಾಖಲಿಸಿದ. ಲೂಯಿಸಾ ಕೋರ್ಟಾಲ್ಡ್ ಎಂಬಾಕೆಯ ಪತಿ 1765ರಲ್ಲಿ ತೀರಿಕೊಂಡಾಗ ಆಕೆ ಕಾರ್ಖಾನೆಯ ಬಾಗಿಲು ಮುಚ್ಚಲಿಲ್ಲ. ವಜ್ರಾಕಾರದ ಚೌಕಟ್ಟಿನಲ್ಲಿ ತನ್ನದೇ ಹೆಸರಿನ ಅಕ್ಷರಗಳ ಮುದ್ರೆಯೊತ್ತಿ ವ್ಯಾಪಾರ ಮುಂದುವರಿಸಿದಳು. ಇಂದಿಗೂ ಆ ಪಾತ್ರೆಗಳನ್ನು ನೋಡಿದವರು, ಇದು ಲೂಯಿಸಾಳದ್ದು ಎನ್ನುತ್ತಾರೆ.

ಈಗ ನಮ್ಮ ಸಂಡೂರಿಗೆ ಬನ್ನಿ. ಇಲ್ಲಿನ ತಾಂಡಾಗಳ ಲಂಬಾಣಿ ಜನರ ಹಿರಿಯರು ಒಂದು ಕಾಲದಲ್ಲಿ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದವರು. ರೈಲು ಬಂದ ಮೇಲೆ ಆ ಕಸುಬು ಕೈಬಿಟ್ಟಿತು. ಹೆಣ್ಣುಮಕ್ಕಳ ಸೂಜಿದಾರ ಮಾತ್ರ ಉಳಿಯಿತು. ಕನ್ನಡಿ ಚೂರು, ಕವಡೆ, ಬಣ್ಣದ ನೂಲುಗಳ ಆ ಕಸೂತಿಯನ್ನು ಸಂಡೂರು ಕುಶಲ ಕಲಾ ಕೇಂದ್ರ ಪೇಟೆಗೆ ಪರಿಚಯಿಸಿತು. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆಯೂ ಸಿಕ್ಕಿತು. ಬೇರೆಡೆ ತಯಾರಾದುದನ್ನು ಸಂಡೂರಿನದೆಂದು ಹೇಳಿ ಮಾರುವುದು ಈಗ ಕಾನೂನಿಗೆ ವಿರುದ್ಧ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೂ ಸೇರಿತು.

ಸಂತೋಷದ ವಿಷಯವೇ. ಆದರೆ ಆ ಮಹಿಳೆಯರಲ್ಲಿ ಒಬ್ಬಳ ಹೆಸರಾದರೂ ನಮಗೆ ಗೊತ್ತೇ? ಜಿಐ ಊರಿನ ಹೆಸರನ್ನು ಕಾಪಾಡುತ್ತದೆ, ಹೊಲಿದವಳ ಹೆಸರನ್ನು ಹೇಳುವುದಿಲ್ಲ. ಹೆಸರಿಲ್ಲದ ಕೈಗೆ ದಲ್ಲಾಳಿ ಹೇಳಿದ್ದೇ ಕೂಲಿ. ಲೂಯಿಸಾಳ ಮುದ್ರೆಯ ಬೆಲೆ ತಿಳಿಯುವುದು ಇಲ್ಲಿಯೇ. ಕೆಲಸ ಕೆಟ್ಟರೆ ಹೊಣೆ ಅವಳದು, ಚೆನ್ನಾಗಿದ್ದರೆ ಕೀರ್ತಿಯೂ ಅವಳದೇ. ನಮ್ಮ ಜಿಐ ಕಾನೂನಿನಲ್ಲಿಯೂ ತಯಾರಕರು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಲು ಅವಕಾಶವಿದೆ. ಈ ವಿಷಯ ತಾಂಡಾದ ಹೆಣ್ಣುಮಕ್ಕಳಿಗೆ ತಲುಪಬೇಕು.

ಇದು ಅವರೊಬ್ಬರ ಮಾತಲ್ಲ. ನಮ್ಮ ಮನೆಗಳಲ್ಲಿಯೂ ಎಷ್ಟೋ ಸಹೋದರಿಯರು ಜರಿ ಕೆಲಸ, ಬುರ್ಖಾ ಹೊಲಿಗೆ, ಕ್ರೋಶೆ ಹೆಣಿಗೆ ಮಾಡಿ ಸಂಸಾರಕ್ಕೆ ಆಸರೆಯಾಗಿದ್ದಾರೆ. ಅಂಗಡಿಯವನ ಲೇಬಲ್ ಹೊತ್ತು ಅದು ಮಾರಾಟವಾಗುತ್ತದೆ. ಹೊಲಿದ ಬಟ್ಟೆಯ ಒಳ ಅಂಚಿನಲ್ಲಿ ನಿಮ್ಮದೊಂದು ಪುಟ್ಟ ಗುರುತು ಹಾಕಿ ನೋಡಿ. ಗಿರಾಕಿ ಮುಂದಿನ ಸಲ ಅದನ್ನೇ ಹುಡುಕಿಕೊಂಡು ಬರಬಹುದು. ಹಂಪಿಗೆ ಹೋಗಿ ಕಸೂತಿ ಚೀಲ ಕೊಳ್ಳುವಾಗ ಬೆಲೆಯ ಚೌಕಾಸಿಗೆ ಮೊದಲು ಒಂದು ಮಾತು ಕೇಳಿ: “ಇದನ್ನು ಹೊಲಿದ ಅಕ್ಕನ ಹೆಸರೇನು?” ಕೇಳುವವರಿದ್ದರೆ ತಾನೇ ಮಾರುವವರು ಉತ್ತರ ಇಟ್ಟುಕೊಳ್ಳುವುದು!