ಗೋಡೆಯಲ್ಲಿ ಉಳಿದ ತುಂಡು ಪೈಪು

ನಮ್ಮ ನರಸಿಂಹರಾಜಪುರದ ಹೊಸ ಮನೆಗಳಲ್ಲೂ ಈಗ ಗ್ಯಾಸ್ ಸಿಲಿಂಡರ್ ಹೊರಗೆ, ಒಲೆ ಒಳಗೆ. ನಡುವೆ ಗೋಡೆ ತೂರಿ ಬರುವ ತಾಮ್ರದ ಪೈಪು. ಒಳ್ಳೆಯದೇ. ಆದರೆ ಟೈಲ್ಸಿನ ಅಂದ ಕೆಡಬಾರದೆಂದು ಆ ಪೈಪನ್ನು ಅರ್ಧ ಇಂಚಿಗೆ ಕತ್ತರಿಸುವ ಬುದ್ಧಿ ಯಾರದು? ಅಡಿಗೆ ಮಾಡುವವಳದಂತೂ ಅಲ್ಲ. ನಟ್ಟು, ಅದರೊಳಗಿನ ಹಿತ್ತಾಳೆಯ ಉಂಗುರ ಸರಿಯಾಗಿ ಕೂರಬೇಕಾದರೆ ದುಂಡಗಿನ, ನೆಟ್ಟಗಿನ, ಗೀರಿಲ್ಲದ ಪೈಪು ಸಾಕಷ್ಟು ಹೊರಗಿರಬೇಕು. ಸ್ಪ್ಯಾನರ್ ತಿರುಗಲು ಜಾಗ ಬೇಕು. ಅದಿಲ್ಲದಾಗ ಅದೇ ತುಂಡಿಗೆ ರಬ್ಬರ್ ಟ್ಯೂಬು ತುರುಕಿ, ತಂತಿ ಬಿಗಿದು, "ಏನೂ ಆಗಲ್ಲ ಅಮ್ಮಾ" ಎಂದು ಹೊರಟುಬಿಡುತ್ತಾರೆ. ಈ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನಮ್ಮ ಕಾಲಬುಡದಲ್ಲೇ ನಿಲ್ಲುತ್ತದೆ. ನಾನು ಹೇಳುವುದಿಷ್ಟೆ: ಟೈಲ್ಸ್ ಒಡೆಯಲಿ, ಗೋಡೆ ಕೆತ್ತಲಿ, ಪೈಪು ಬಿಡಿಸಿಕೊಂಡೇ ಜೋಡಿಸಲಿ. ಆಮೇಲೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವುದಿಲ್ಲವೆಂದು ನಮಗೆ ತೋರಿಸಿ ಕೂಲಿ ಕೇಳಲಿ.