ಹಿತ್ತಾಳೆ ಚಿಲಕಕ್ಕೆ ವಾರವಾರ ಹುಣಿಸೆಹಣ್ಣು ಬೇಡ

ಹಬ್ಬ ಹತ್ತಿರ ಬಂತೆಂದರೆ ದೇವರ ಪಾತ್ರೆಗಳ ಜೊತೆಗೆ ಮುಂಬಾಗಿಲಿನ ಹಿತ್ತಾಳೆ ಚಿಲಕ, ಹಿಡಿ, ಬಳೆಗಳನ್ನೂ ಬೆಳಗುವ ಗಡಿಬಿಡಿ. ಬಂಗಾರದ ಹಾಗೆ ಹೊಳೆದದ್ದು ಸ್ವಲ್ಪ ದಿನಕ್ಕೇ ಮತ್ತೆ ಮಂಕು! "ಯಾರಿಗೆ ಬೇಕು ಈ ಕಾಟ" ಎಂದು ಅಜ್ಜಿ ಕಾಲದ ಚಿಲಕವನ್ನು ಗುಜರಿಗೆ ಹಾಕಿ ಸ್ಟೀಲಿನದು ಹಾಕಿಸುವವರಿದ್ದಾರೆ. ಅಷ್ಟು ಅವಸರ ಬೇಡ ಸೋದರಿಯರೇ.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಗಾಳಿ, ತೇವ, ಕೈಬೆವರು ತಾಗಿ ಅದು ಮೊದಲು ಮಂಕಾಗಿ, ಆಮೇಲೆ ಜೇನಿನ ಬಣ್ಣಕ್ಕೆ, ಕಡೆಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಇದು ಕೊಳೆಯಲ್ಲ. ಕಬ್ಬಿಣದ ತುಕ್ಕಿನಂತೆ ತಿನ್ನುತ್ತಾ ಹೋಗುವುದಿಲ್ಲ. ಒಳಗಿನ ಲೋಹವನ್ನು ಕಾಯುತ್ತದೆ. ದಿನಾ ಕೈ ತಾಗುವ ಕಡೆ ಹೊಳಪು ತಾನಾಗಿಯೇ ಉಳಿಯುತ್ತೆ. ನಾವು ತಿಕ್ಕಿದಷ್ಟೂ ಸವೆಯುವುದು ಹಿತ್ತಾಳೆಯೇ. ಹಳೇ ಹಿಡಿಗಳ ಹೂಬಳ್ಳಿ ಅಳಿಸಿಹೋಗುವುದು ಹೀಗೇ.

ವಾರಕ್ಕೊಮ್ಮೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಹಸಿರು ಕಿಲುಬು ಕಂಡರೆ ಮಾತ್ರ ಬಿಡಬೇಡಿ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಬೇಗ ಹಿಡಿಯುತ್ತದೆ.

ಹಬ್ಬಕ್ಕೆ ಹೊಳಪು ಬೇಕೇ ಬೇಕು ಅನ್ನುವವರು ಹೀಗೆ ಮಾಡಿ:

1. ಸ್ಕ್ರೂ ಬಿಚ್ಚಿ ಚಿಲಕವನ್ನು ಹೊರತೆಗೆಯಿರಿ. ಆಗದಿದ್ದರೆ ಸುತ್ತ ರಟ್ಟು ಇಟ್ಟುಕೊಳ್ಳಿ. ಹುಳಿನೀರು ಇಳಿದರೆ ಬಾಗಿಲಿನ ಪಾಲಿಶ್ ಕೆಡುತ್ತದೆ.

2. ನೆನೆಸಿದ ಹುಣಿಸೆಹಣ್ಣನ್ನು ಹಚ್ಚಿ ಎರಡು ಮೂರು ನಿಮಿಷ ಬಿಟ್ಟು, ಮೆತ್ತಗಿನ ಬಟ್ಟೆಯಿಂದ ಉಜ್ಜಿ. ಮರಳು, ತಂತಿ ನಾರು ಬೇಡ, ಗೀರು ಬೀಳುತ್ತವೆ. ಹುಳಿ ಬಹಳ ಹೊತ್ತು ನಿಂತರೆ ಸತು ಕರಗಿ ತಾಮ್ರದ ಕೆಂಪು ಕಾಣುತ್ತದೆ.

3. ಹುಳಿ ಸ್ವಲ್ಪವೂ ಉಳಿಯದಂತೆ ತೊಳೆದು ತಕ್ಷಣ ಒರೆಸಿ. ಒದ್ದೆ ಬಿಟ್ಟರೆ ಬೇಗ ಕಪ್ಪಾಗುತ್ತೆ.

4. ಒಂದೇ ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಾಕಿ ತೆಳುವಾಗಿ ಸವರಿ. ಬೀಗದ ಕಿಂಡಿಗೆ ಮಾತ್ರ ಈ ಎಣ್ಣೆ ಬೇಡ, ಧೂಳು ಸೇರಿ ಜಿಗುಟಾಗುತ್ತದೆ.

ತಿಕ್ಕುವ ಮುಂಚೆ ಒಂದು ಪರೀಕ್ಷೆ. ಅಯಸ್ಕಾಂತ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ. ಮೇಲಿನ ಹಿತ್ತಾಳೆ ಲೇಪ ಉಜ್ಜಿದರೆ ಎದ್ದುಹೋಗುತ್ತೆ. ಹೊಸ ಹಿಡಿಗಳಲ್ಲಿ ಕೆಲವಕ್ಕೆ ಬಣ್ಣವಿಲ್ಲದ ವಾರ್ನಿಷ್ ಹೊಡೆದಿರುತ್ತಾರೆ. ಅವಕ್ಕೂ ಹುಳಿ ಬೇಡ, ಒದ್ದೆಬಟ್ಟೆಯಲ್ಲಿ ಒರೆಸಿ ಒಣಗಿಸಿ ಅಷ್ಟೇ.

ವರ್ಷಕ್ಕೆ ಒಂದೆರಡು ಸಲ ಬೆಳಗಿದರೆ ಧಾರಾಳವಾಯಿತು. ಚಿಲಕ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ, ನಿಮ್ಮ ರಟ್ಟೆಗೂ ವಿಶ್ರಾಂತಿ.