ಕಳಚಲು ಬಾರದ ಲೆನ್ಸಿಗೆ ಸೆಕೆಂಡ್ ಹ್ಯಾಂಡ್ ಲೆಕ್ಕ

ಹಾಸನ ಸೀಮೆಯಲ್ಲಿ ಫೋಟೊ ತೆಗೆಯುವ ಆಸೆ ಹುಟ್ಟಿದವರಿಗೆ ವಸ್ತುವಿಗೇನೂ ಬರವಿಲ್ಲ. ಬೇಲೂರು, ಹಳೇಬೀಡು ಇವೆ. ಸೋಮನಾಥಪುರದ ಜೊತೆಗೆ ಅವು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದವು. ಚನ್ನರಾಯಪಟ್ಟಣದ ಕಡೆ ಹೊರಟರೆ ಶ್ರವಣಬೆಳಗೊಳ, ನುಗ್ಗೇಹಳ್ಳಿ. ಅರಕಲಗೂಡಿನ ಕಡೆ ರಾಮನಾಥಪುರದ ಕಾವೇರಿ. ಕಟ್ಟಾಯದ ಆಸುಪಾಸಿನಲ್ಲಿ ಹೇಮಾವತಿಯ ಹಿನ್ನೀರು, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಶೆಟ್ಟಿಹಳ್ಳಿಯ ಚರ್ಚು. ಇವನ್ನೆಲ್ಲ ಹೆಗಲ ಮೇಲೆ ಮೂಟೆ ಹೊರದೆ, ಒಂದೇ ಸಣ್ಣ ಕ್ಯಾಮೆರಾದಲ್ಲಿ ತೆಗೆಯಬೇಕು ಅನ್ನುವವರ ಕಣ್ಣು ಈಚಿನ ವರ್ಷಗಳಲ್ಲಿ ಒಂದು ಜಾತಿಯ ಕ್ಯಾಮೆರಾದ ಮೇಲೆ ನೆಟ್ಟಿದೆ. ಫ್ಯೂಜಿಫಿಲ್ಮ್ ಎಕ್ಸ್100 ಸಾಲಿನವು, ರಿಕೊ ಜಿಆರ್, ಲೈಕಾ ಕ್ಯೂ, ಸೋನಿ ಆರ್‌ಎಕ್ಸ್1: ಇವೆಲ್ಲದರಲ್ಲೂ ಲೆನ್ಸ್ ಬಾಡಿಗೆ ಅಂಟಿಕೊಂಡೇ ಇರುತ್ತದೆ. ಕಳಚುವಂತಿಲ್ಲ, ಬದಲಿಸುವಂತಿಲ್ಲ, ಜೂಮ್ ಇಲ್ಲ. ನಮಗೆ ಇದು ಹೊಸದೇನಲ್ಲ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಷ್ಟೋ ಮನೆಗಳ ನಾಮಕರಣ, ಮದುವೆಗಳನ್ನು ಇಂಥದೇ ಕಳಚದ ಲೆನ್ಸಿನಲ್ಲಿ ಹಿಡಿದಿಟ್ಟಿತ್ತು. ಬದಲಾಗಿರುವುದು ಬೆಲೆ. 2024ರ ಫೆಬ್ರುವರಿಯಲ್ಲಿ ಬಂದ ಎಕ್ಸ್100-6 ಭಾರತದಲ್ಲಿ ಒಂದು ಲಕ್ಷ ಅರವತ್ತು ಸಾವಿರದ ಆಸುಪಾಸಿನಲ್ಲಿ ಮಾರಾಟಕ್ಕೆ ಬಂತು. ಲೈಕಾದ ಬೆಲೆ ಅದರ ಹಲವು ಪಟ್ಟು. ಹಾಗಾಗಿ ಹೊಸದೋ ಸೆಕೆಂಡ್ ಹ್ಯಾಂಡೋ ಎಂಬ ಪ್ರಶ್ನೆ ಇಲ್ಲಿ ಒಂದು ವರ್ಷದ ಉಳಿತಾಯದ ಪ್ರಶ್ನೆಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುವ ಬಗ್ಗೆ ನಮ್ಮಲ್ಲಿ ಬಹುಕಾಲದಿಂದ ಬಂದಿರುವ ಒಂದು ತಿಳಿವಳಿಕೆಯಿದೆ: ಬಾಡಿ ಹಳೆಯದಾದರೆ ಚಿಂತೆಯಿಲ್ಲ, ಲೆನ್ಸ್ ಚೆನ್ನಾಗಿದ್ದರೆ ಸಾಕು. ಲೆನ್ಸ್ ಬದಲಿಸುವ ಕ್ಯಾಮೆರಾಗಳಿಗೆ ಈ ಮಾತು ಸರಿ. ಬಾಡಿ ಕೆಟ್ಟರೆ ಬೇರೆ ಬಾಡಿ, ಲೆನ್ಸಿನಲ್ಲಿ ಬೂಸ್ಟು ಹತ್ತಿದರೆ ಬೇರೆ ಲೆನ್ಸ್. ನಷ್ಟ ಅರ್ಧಕ್ಕೇ ನಿಲ್ಲುತ್ತದೆ. ಕಳಚಲು ಬಾರದ ಲೆನ್ಸಿನ ಕ್ಯಾಮೆರಾಕ್ಕೆ ಅದೇ ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ. ಇಲ್ಲಿ ಲೆನ್ಸ್, ಶಟರ್, ಸೆನ್ಸರ್ ಮೂರೂ ಒಂದೇ ಹೊಟ್ಟೆಯೊಳಗಿವೆ; ಯಾವುದು ಕೆಟ್ಟರೂ ಪೂರ್ತಿ ಬಿಚ್ಚಬೇಕು. 2011ರಲ್ಲಿ ಬಂದ ಮೊದಲ ಎಕ್ಸ್100 ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಒಂದಷ್ಟು ಪೀಸುಗಳಲ್ಲಿ ಲೆನ್ಸಿನೊಳಗಿನ ಅಪರ್ಚರ್ ಎಲೆಗಳು ಅಂಟಿಕೊಂಡು ಮುಚ್ಚದೇ ಹೋಗುತ್ತಿದ್ದವು, ಚಿತ್ರಗಳು ಬಿಳಿಚಿಕೊಳ್ಳುತ್ತಿದ್ದವು. ಅದಕ್ಕೆ ಮದ್ದು ಒಂದು ಸ್ಕ್ರೂ ಬಿಗಿಮಾಡುವುದಾಗಿರಲಿಲ್ಲ, ಲೆನ್ಸಿನ ಇಡೀ ಭಾಗವನ್ನೇ ಬದಲಿಸುವುದಾಗಿತ್ತು. ವಾರಂಟಿ ಇದ್ದವರಿಗೆ ಅದು ಕೆಲ ವಾರಗಳ ಕಾಯುವಿಕೆ. ಮೂರನೆಯ ಕೈಯಿಂದ ಕೊಂಡವರಿಗೆ ಅದೇ ಕ್ಯಾಮೆರಾದ ಅಂತ್ಯ.

ನನ್ನ ವಾದ ಇಷ್ಟು. ಇಂಥ ಕ್ಯಾಮೆರಾದಲ್ಲಿ ವಾರಂಟಿ ಎಂಬುದು ಬಾಕ್ಸಿನ ಜೊತೆ ಬರುವ ಕಾಗದ ಅಲ್ಲ, ಕ್ಯಾಮೆರಾದ ಒಂದು ಬಿಡಿಭಾಗ. ಅದಿಲ್ಲದ ಕ್ಯಾಮೆರಾಕ್ಕೆ ಒಂದು ಲೆನ್ಸನ್ನೇ ಕಳೆದು ಬೆಲೆ ಕಟ್ಟಬೇಕು. ಹಾಗೆ ಕಟ್ಟಿದರೆ, ಈಗ ಅಂಗಡಿಯಲ್ಲಿ ಸಿಗುತ್ತಿರುವ ಹೊಸ ಮಾದರಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವುದು ಬಹುಪಾಲು ಸಂದರ್ಭಗಳಲ್ಲಿ ನಷ್ಟದ ವ್ಯವಹಾರ. ಸೆಕೆಂಡ್ ಹ್ಯಾಂಡೇ ಬೇಕೆಂದಾದರೆ ಒಂದೋ ಎರಡೋ ತಲೆಮಾರು ಹಿಂದಿನದಕ್ಕೆ ಹೋಗಬೇಕು, ಅದನ್ನೂ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು.

ಹೊಸ ಮಾದರಿಯ ಹಳೆಯ ಪೀಸಿಗೆ ಯಾಕೆ ಬೆಲೆ ಇಳಿಯುವುದಿಲ್ಲ ಎಂಬುದನ್ನು ನೋಡಿ. ಲೆನ್ಸ್ ಕಳಚದ ಕ್ಯಾಮೆರಾಗಳ ಮಾರುಕಟ್ಟೆಯನ್ನು ಮೊಬೈಲು ನುಂಗಿಹಾಕಿತು. 2010ರಲ್ಲಿ ಜಗತ್ತಿನಾದ್ಯಂತ ಇಂಥವು ವರ್ಷಕ್ಕೆ ಹತ್ತು ಕೋಟಿಗೂ ಹೆಚ್ಚು ರವಾನೆಯಾಗುತ್ತಿದ್ದವು. 2023ರ ಹೊತ್ತಿಗೆ ಇಪ್ಪತ್ತು ಲಕ್ಷಕ್ಕೂ ಕೆಳಗಿಳಿದವು. ಕಂಪನಿಗಳು ಅಗ್ಗದ ಮಾದರಿಗಳನ್ನು ಕೈಬಿಟ್ಟು ಕೆಲವೇ ದುಬಾರಿ ಮಾದರಿಗಳನ್ನು, ಅದೂ ಕಡಿಮೆ ಸಂಖ್ಯೆಯಲ್ಲಿ, ಮಾಡತೊಡಗಿದವು. ಅದೇ ಸಮಯದಲ್ಲಿ ಇನ್‌ಸ್ಟಾಗ್ರಾಮ್, ಟಿಕ್‌ಟಾಕ್‌ಗಳಲ್ಲಿ 2020ರ ಎಕ್ಸ್100ವಿ ಹೆಸರುವಾಸಿಯಾಯಿತು. ಅಂಗಡಿಯಲ್ಲಿ ಸಿಗದಂತಾದಾಗ ಬಳಸಿದ ಪೀಸಿಗೆ ಹೊಸದರ ಬೆಲೆಗಿಂತ ಹೆಚ್ಚು ಕೇಳಿದವರಿದ್ದರು, ಕೊಟ್ಟವರೂ ಇದ್ದರು. ಮಾರುವವರು ಆ ದಿನಗಳನ್ನು ಇನ್ನೂ ಮರೆತಿಲ್ಲ. ಹೊಸದಕ್ಕೂ ಹಳೆಯದಕ್ಕೂ ಹದಿನೈದು ಇಪ್ಪತ್ತು ಸಾವಿರದ ಅಂತರವಷ್ಟೇ ಉಳಿದರೆ, ಒಂದು ಲಕ್ಷಕ್ಕೂ ಮೇಲ್ಪಟ್ಟ ಹಣವನ್ನು ಅಪಾಯಕ್ಕೆ ಒಡ್ಡಿ ನಾವು ಉಳಿಸುವುದು ಅಷ್ಟನ್ನೇ.

ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ಸ್ಟುಡಿಯೊ ಇಟ್ಟುಕೊಂಡವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ ಮೊದಲು ಶೇ 28 ಇತ್ತು. 2019ರ ಜನವರಿಯಿಂದ ಶೇ 18ಕ್ಕೆ ಇಳಿಯಿತು. ಒಂದು ಲಕ್ಷ ಅರವತ್ತು ಸಾವಿರದ ಬಿಲ್ಲಿನಲ್ಲಿ ಸುಮಾರು 24,400 ರೂಪಾಯಿ ತೆರಿಗೆಯೇ. ಮಾಮೂಲಿ ಜಿಎಸ್‌ಟಿ ನೋಂದಣಿ ಇದ್ದು, ತಮ್ಮ ನಂಬರ್ ಹಾಕಿಸಿ ಬಿಲ್ ಮಾಡಿಸಿ, ವೃತ್ತಿಗೆಂದೇ ಕೊಂಡವರು ಈ ಹಣವನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಅವರ ಪಾಲಿಗೆ ಹೊಸ ಕ್ಯಾಮೆರಾ ನಿಜವಾಗಿ ಬಿದ್ದದ್ದು 1,35,600ಕ್ಕೆ. ಅದೇ ಮಾದರಿಯನ್ನು ಯಾರೋ ಖಾಸಗಿ ವ್ಯಕ್ತಿಯಿಂದ ಒಂದು ಲಕ್ಷ ನಲವತ್ತು ಸಾವಿರಕ್ಕೆ ಕೊಂಡರೆ ತೆರಿಗೆ ಬಿಲ್ಲಿಲ್ಲ, ಹೊಂದಾಣಿಕೆ ಇಲ್ಲ. ಹಳೆಯದೇ ಹೊಸದಕ್ಕಿಂತ ದುಬಾರಿಯಾಯಿತು. ನೋಂದಣಿ ಇಲ್ಲದ, ಇಲ್ಲವೇ ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಸ್ಟುಡಿಯೊಗಳಿಗೆ ಈ ಅನುಕೂಲ ಇಲ್ಲ, ನಿಜ. ಆದರೂ ಬಿಲ್ಲಿಗೆ ಮತ್ತೊಂದು ಬಲ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಕಟ್ಟಾಯದವರು ಹಾಸನದ ಜಿಲ್ಲಾ ಆಯೋಗದ ಬಾಗಿಲು ತಟ್ಟಿದರೆ ಸಾಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರನ್ನೂ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಬಸ್ ನಿಲ್ದಾಣದ ಎದುರು ದುಡ್ಡು ಎಣಿಸಿಕೊಂಡು ಹೋದ ಅಪರಿಚಿತನ ಮೇಲೆ ಯಾವ ಆಯೋಗಕ್ಕೆ ದೂರು ಕೊಡುವುದು?

ಕಳ್ಳಮಾಲಿನ ಭಯವೂ ಸಣ್ಣದಲ್ಲ. ಕಳುವಾದ ಮೊಬೈಲನ್ನು ಸಿಇಐಆರ್ ವ್ಯವಸ್ಥೆಯಲ್ಲಿ ನಿಷ್ಕ್ರಿಯಗೊಳಿಸಬಹುದು, ಐಎಂಇಐ ನಂಬರ್ ಹಾಕಿ ಪರೀಕ್ಷಿಸಬಹುದು. ಕ್ಯಾಮೆರಾಕ್ಕೆ ಅಂಥ ವ್ಯವಸ್ಥೆ ಇಲ್ಲ. ತಳದಲ್ಲಿರುವ ಸೀರಿಯಲ್ ನಂಬರನ್ನು ಮೂಲ ಬಿಲ್ಲಿನ ಜೊತೆ ತಾಳೆ ನೋಡುವುದೊಂದೇ ದಾರಿ. ಬಿಲ್ ಇಲ್ಲ ಅಂದರೆ ಎಷ್ಟೇ ಅಗ್ಗವಾದರೂ ಎದ್ದು ಬರಬೇಕು.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಒಂದಿದೆ. ಅಂಗಡಿಯಿಂದ ಹೊರಬಿದ್ದ ಕ್ಷಣವೇ ಹೊಸ ಸಾಮಾನಿನ ಬೆಲೆ ಇಳಿಯುತ್ತದೆ, ಆ ನಷ್ಟವನ್ನು ಮೊದಲಿನವನೇ ಹೊರಲಿ ಎನ್ನುತ್ತಾರೆ. ಕಾರಿಗೆ, ಬೈಕಿಗೆ ಈ ಮಾತು ಒಪ್ಪುತ್ತದೆ. ಇಲ್ಲಿ ಮಾತ್ರ ಅದು ತಿರುಗುಬಾಣ. ಬೆಲೆ ಇಳಿಯದ ಕಾರಣಕ್ಕೇ ಬಳಸಿದ್ದು ದುಬಾರಿ ಎಂದಾದರೆ, ಅದೇ ಕಾರಣಕ್ಕೆ ಹೊಸದನ್ನು ಕೊಂಡವರು ಎರಡು ವರ್ಷ ಬಳಸಿ ಮಾರಿದಾಗಲೂ ಹೆಚ್ಚು ಕಳೆದುಕೊಳ್ಳುವುದಿಲ್ಲ. ಬಿಲ್ಲು, ಬಾಕ್ಸು ಜೋಪಾನವಾಗಿದ್ದರೆ ಇನ್ನೂ ಕಡಿಮೆ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಅಣ್ಣನ ಕೈಲಿ ತರಿಸಿಕೊಂಡರಾಯಿತು ಎನ್ನುವವರೂ ಇದ್ದಾರೆ. ಬಹಳಷ್ಟು ಕಂಪನಿಗಳ ವಾರಂಟಿ ಕೊಂಡ ದೇಶಕ್ಕಷ್ಟೇ ಸೀಮಿತ. ಹಾಗೆ ತರಿಸಿದ್ದು ಬಾಕ್ಸ್ ಪೀಸೇ ಆದರೂ ಈ ಲೆಕ್ಕದಲ್ಲಿ ಸೆಕೆಂಡ್ ಹ್ಯಾಂಡೇ.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ತಲೆಬಾಗಲೇಬೇಕು. ಒಂದೂವರೆ ಲಕ್ಷ ಎಲ್ಲರ ಕೈಗೂ ಎಟುಕುವ ಹಣವಲ್ಲ. ಕಾಲೇಜು ಮುಗಿಸಿ ಮದುವೆ ಸೀಸನ್ನಿನಲ್ಲಿ ಅಸಿಸ್ಟೆಂಟ್ ಆಗಿ ದುಡಿಯುವ ಹುಡುಗ ಹುಡುಗಿಯರಿಗೆ ಸೆಕೆಂಡ್ ಹ್ಯಾಂಡೇ ಬಾಗಿಲು. ಆ ಬಾಗಿಲನ್ನು ಮುಚ್ಚು ಎಂದು ಹೇಳುವುದು ಅನ್ಯಾಯ. ಅವರಿಗೆ ನಾನು ಹೇಳುವುದು ಹಿಂದಿನ ತಲೆಮಾರನ್ನು ನೋಡಿ ಎಂದು. 2017ರ ಎಕ್ಸ್100ಎಫ್‌ನಲ್ಲಿ 24 ಮೆಗಾಪಿಕ್ಸೆಲ್ ಇದೆ. ಪತ್ರಿಕೆಗೂ ಆಲ್ಬಮ್ಮಿಗೂ ಅದು ಧಾರಾಳ. 2019ರ ರಿಕೊ ಜಿಆರ್ 3 ಶರ್ಟಿನ ಜೇಬಿನಲ್ಲಿ ಕೂರುತ್ತದೆ. ಇವು ಕೆಟ್ಟರೆ ಹೋಗುವ ಹಣವೂ ಕಡಿಮೆ, ಅಪಾಯಕ್ಕೆ ತಕ್ಕಷ್ಟು ಬೆಲೆ ಇಳಿದಿರುವುದೂ ನಿಜ. ಕಳೆದುಕೊಳ್ಳುವುದು ಒಂದನ್ನು. ಹೊಯ್ಸಳ ಗುಡಿಗಳ ನವರಂಗದೊಳಗೆ ಹಗಲಲ್ಲೂ ಕತ್ತಲೆ. ಪುರಾತತ್ತ್ವ ಸರ್ವೇಕ್ಷಣೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಹೂಡುವಂತಿಲ್ಲ. ಅಲ್ಲಿ ಕೈನಡುಕವನ್ನು ತಡೆಯುವ ವ್ಯವಸ್ಥೆ ದೊಡ್ಡ ಆಸರೆ. ಎಕ್ಸ್100 ಸಾಲಿನಲ್ಲಿ ಅದು ಬಂದದ್ದು 2024ರ ಮಾದರಿಗೇ. ಜಿಆರ್ 3ರಲ್ಲಿ ಮೊದಲೇ ಇದೆ. ಗುಡಿಯ ಒಳಗಿನ ಕಂಬ, ಭುವನೇಶ್ವರಿಗಳೇ ಮುಖ್ಯ ಎನ್ನುವವರು ಇದನ್ನು ತೂಗಿ ನೋಡಲಿ.

ಹಾಗೆ ಹಳೆಯದನ್ನು ಕೊಳ್ಳುವವರು ಪರೀಕ್ಷೆಗೆ ಅರ್ಧ ಗಂಟೆ ಇಡಬೇಕು. ಬಿಡಿ ಲೆನ್ಸನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದರೆ ಬೂಸ್ಟು ಕಾಣುತ್ತದೆ. ಇಲ್ಲಿ ಹಿಂಬದಿಯೇ ಇಲ್ಲ. ಅಪರ್ಚರನ್ನು ಪೂರ್ತಿ ತೆರೆದಿಟ್ಟು, ಮೊಬೈಲಿನ ಟಾರ್ಚನ್ನು ಮುಂದಿನಿಂದ ಓರೆಯಾಗಿ ಬಿಟ್ಟು, ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಎಳೆಗಳಂಥದ್ದು ಇದೆಯೇ ಎಂದು ಹುಡುಕಬೇಕು. ಸಕಲೇಶಪುರದ ಕಡೆಯ ಮಳೆ ಕಂಡ, ಬೀರುವಿನಲ್ಲಿ ಚರ್ಮದ ಚೀಲದೊಳಗೆ ಕೂತ ಕ್ಯಾಮೆರಾ ಆದರೆ ಎರಡು ಸಲ ಹುಡುಕಬೇಕು. ಆಮೇಲೆ ಎಫ್16ಕ್ಕೆ ಇಟ್ಟು ಬರಿ ಆಕಾಶದ ಚಿತ್ರ ತೆಗೆದು, ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ಸರಿಸಿ ನೋಡಿ. ಬೂದು ಬಣ್ಣದ ಮಸುಕು ಚುಕ್ಕೆಗಳಿದ್ದರೆ ಸೆನ್ಸರಿನ ಮೇಲೆ ದೂಳು ಕೂತಿದೆ ಎಂದರ್ಥ. ಬೇರೆ ಕ್ಯಾಮೆರಾ ಆಗಿದ್ದರೆ ಲೆನ್ಸ್ ಕಳಚಿ ಬ್ಲೋವರಿನಲ್ಲಿ ಊದಬಹುದಿತ್ತು. ಇದರಲ್ಲಿ ಸರ್ವಿಸ್ ಸೆಂಟರೇ ಗತಿ, ಹಾಸನದಿಂದ ಬೆಂಗಳೂರು 180 ಕಿಲೋಮೀಟರಿಗೂ ಮೇಲು. ಲೆನ್ಸ್ ಹೊರಚಾಚಿ ಒಳಸರಿಯುವ ಜಿಆರ್‌ನಲ್ಲಿ ಈ ದೂಳಿನ ಕಾಟ ಹೆಚ್ಚು. ಎಕ್ಸ್100ವಿ ಆದರೆ ಮುಂದೆ ಬಿಡಿ ಉಂಗುರ ಮತ್ತು ಫಿಲ್ಟರ್ ಇದೆಯೇ ಕೇಳಿ, ಅವೆರಡೂ ಇದ್ದಾಗಲಷ್ಟೇ ಅದು ಮಳೆ ಹನಿಯನ್ನು ತಡೆಯುತ್ತದೆ. ಮಾರುವವರು ಇಷ್ಟಕ್ಕೂ ಬಿಡುವುದಿಲ್ಲ ಅಂದರೆ, ವ್ಯಾಪಾರ ಅಲ್ಲಿಗೇ ನಿಲ್ಲಲಿ.

ಹಳೆಯದನ್ನು ಬಳಸುವುದು ಭೂಮಿಗೂ ಒಳ್ಳೆಯದು ಎಂಬ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ. ಅದಕ್ಕೇ ಈ ವ್ಯವಹಾರವನ್ನು ಅಪರಿಚಿತರ ನಡುವಿನ ಜೂಜಿಗೆ ಬಿಡಬಾರದು ಎನ್ನುವುದು. ಹಾಸನದ ಕ್ಯಾಮೆರಾ ಅಂಗಡಿಗಳು ತಾವೇ ಹಳೆಯ ಕ್ಯಾಮೆರಾ ಕೊಂಡು, ಮೇಲಿನ ಪರೀಕ್ಷೆಗಳನ್ನು ಮಾಡಿ, ಆಕಾಶದ ಆ ಚಿತ್ರವನ್ನೂ ಮೂಲ ಬಿಲ್ಲಿನ ಪ್ರತಿಯನ್ನೂ ಜೊತೆಗಿಟ್ಟು, ಮೂರು ತಿಂಗಳ ಲಿಖಿತ ಗ್ಯಾರಂಟಿ ಕೊಟ್ಟು ಮಾರಲಿ. ಅದಕ್ಕಾಗಿ ನಾಲ್ಕೈದು ಸಾವಿರ ಹೆಚ್ಚು ತೆಗೆದುಕೊಳ್ಳಲಿ. ಕಟ್ಟಾಯದಿಂದ, ಅರಕಲಗೂಡಿನಿಂದ ಬಸ್ಸು ಹತ್ತಿ ಬರುವವರು ಆ ಹಣವನ್ನು ಸಂತೋಷವಾಗಿಯೇ ಕೊಡುತ್ತಾರೆ. ಕೆಟ್ಟರೆ ಹಿಂತಿರುಗಿ ಬಂದು ಕೇಳಲು ಒಂದು ಬಾಗಿಲು ಇರುತ್ತದಲ್ಲ.